ಸೂಚನಾಪದವೂ ಸಹೃದಯನೂ

ಒಬ್ಬರು ಕಟ್ಟಿದ ಕಥೆಯಲ್ಲಿ ಮನಸ್ಸು ನೆಟ್ಟು, ಅದು ಮುಗಿದಮೇಲೂ ಅದರ ಪಾತ್ರಗಳನ್ನು ಬಿಟ್ಟಿರಲಾರದೆ, ಆ ಪಾತ್ರಗಳನ್ನೇ ಕುರಿತು ತಾನೊಂದು ಕಥೆಯನ್ನು ಹೆಣೆಯುವುದು ಮನುಷ್ಯಸ್ವಭಾವದಲ್ಲಿ ಹೊಸತೇನೂ ಅಲ್ಲ. ವ್ಯಾಸವಾಲ್ಮೀಕಿಗಳಿಗೆ ಋಣಿಯಾಗದ ಹಿರಿಯ ಕವಿಗಳು ನಮ್ಮ ಕನ್ನಡದಲ್ಲಿ ಎಷ್ಟು ಮಂದಿ? ಈ ಪ್ರವೃತ್ತಿಯ ಇಂದಿನ ರೂಪವನ್ನು ಇಂಗ್ಲಿಷಿನಲ್ಲಿ ‘ಫ್ಯಾನ್ ಫಿಕ್ಷನ್’ ಎಂದು ಕರೆಯುತ್ತಾರೆ. ನಾವು ‘ಅಭಿಮಾನಿ ಕಥೆ’ ಎನ್ನೋಣ. ಅಂತಹ ಕಥೆಗಳನ್ನು ಕೂಡಿಸಿಡುವ ದೊಡ್ಡ ಭಂಡಾರಗಳು ಅಂತರ್ಜಾಲದಲ್ಲಿ ಏರ್ಪಟ್ಟಿವೆ. ಅಲ್ಲಿ ಬರೆಯುವವನು ತನ್ನ ಕಥೆಯ ತಲೆಯ ಮೇಲೆ, ಒಳಗೆ ಏನಿದೆಯೆಂಬುದನ್ನು ತಿಳಿಸುವ ಕೆಲವು ಪದಗಳನ್ನು ಬರೆದಿಡುತ್ತಾನೆ. ಓದುವವನು ಆ ಪದಗಳನ್ನು ಹಿಡಿದು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ, ಬೇಡವಾದುದನ್ನು ಹೊರಗಿಡುತ್ತಾನೆ. ಮೊದಲನೆಯದಕ್ಕೆ ‘ಟ್ಯಾಗು’ ಎಂದೂ ಎರಡನೆಯ ಸಾಧನಕ್ಕೆ ‘ಫಿಲ್ಟರು’ ಎಂದೂ ಹೆಸರು. ಈ ಲೇಖನದಲ್ಲಿ ಅವುಗಳನ್ನು ಸೂಚನಾಪದ, ಜರಡಿ ಎಂದು ಕರೆಯುವೆನು.

ಸಾಹಿತ್ಯಪತ್ರಿಕೆಯಲ್ಲಿ ಈ ವಿಷಯಕ್ಕೆ ಎಡೆಯುಂಟೆ ಎಂದು ವಾಚಕಮಹಾಶಯರು ಕೇಳಬಹುದು. ಎರಡು ಕಾರಣಗಳಿಂದ ಉಂಟು. ಒಂದನೆಯದು, ನಮ್ಮ ಮನೆಗಳ ತರುಣತರುಣಿಯರು ಗ್ರಂಥಾಲಯದಲ್ಲಿ ಓದುವುದಕ್ಕಿಂತ ಹೆಚ್ಚಾಗಿ ಇಂತಹ ಭಂಡಾರಗಳಲ್ಲಿ ಓದುತ್ತಿರುವರು. ಕೈಲಾಂಚದಂತಹ ಊರಿನಲ್ಲಿಯೂ ಈ ಮಾತು ನಿಜ. ಎರಡನೆಯದು, ಅಲ್ಲಿ ದಿನವೂ ನಡೆಯುವ ಚರ್ಚೆ, ಅಂದರೆ ಕೃತಿಯು ತನ್ನ ವಿಷಯವನ್ನು ಮೊದಲೇ ಹೇಳಬೇಕೆ, ಎಷ್ಟು ಹೇಳಬೇಕು, ಯಾರಿಗಾಗಿ ಹೇಳಬೇಕು ಎಂಬುದು, ನಮ್ಮ ಶಾಸ್ತ್ರಕಾರರೂ ಕವಿಗಳೂ ಬಹುಕಾಲದಿಂದ ಎದುರಿಸಿದ ಪ್ರಶ್ನೆಯೇ ಆಗಿದೆ.

೧

ಮೊದಲು ಈ ಭಂಡಾರಗಳ ಸಂಗತಿ. ೧೯೬೭ರಲ್ಲಿ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಕಥಾಮಾಲೆಯ ಅಭಿಮಾನಿಗಳು ‘ಸ್ಪಾಕನೇಲಿಯ’ ಎಂಬ ಪತ್ರಿಕೆಯನ್ನು ತಾವೇ ಹೊರಡಿಸಿ ಹಂಚಿಕೊಂಡರು. ಮುಂದೆ ಅಂತರ್ಜಾಲ ಬಂದಿತು. ೧೯೯೮ರಲ್ಲಿ ‘ಫ್ಯಾನ್‌ಫಿಕ್ಷನ್ ಡಾಟ್ ನೆಟ್’ ಎಂಬ ಭಂಡಾರ ಹುಟ್ಟಿತು. ೨೦೦೨ರಲ್ಲಿ ಅದರ ಒಡೆಯರು, ಪ್ರಾಯಸ್ಥರಿಗೆ ಮಾತ್ರ ತಕ್ಕವೆಂದು ಗುರುತು ಹಾಕಿದ್ದ ಕಥೆಗಳಿಗೆ ಇನ್ನು ಸ್ಥಳವಿಲ್ಲವೆಂದು ವಿಧಿಸಿದರು. ತನ್ನ ಕಥೆಯ ಸ್ವರೂಪವನ್ನು ಪ್ರಾಮಾಣಿಕವಾಗಿ ಹೇಳಿಕೊಂಡವನೇ ಮೊದಲು ಹೊರಬಿದ್ದನು. ೨೦೦೭ರಲ್ಲಿ ‘ಲೈವ್‌ಜರ್ನಲ್’ ಎಂಬ ಸಂಸ್ಥೆಯು ಸುಮಾರು ೫೦೦ ಬರಹತಾಣಗಳನ್ನು ಒಮ್ಮೆಗೇ ಮುಚ್ಚಿತು. ಮುಚ್ಚಿದವುಗಳಲ್ಲಿ ನಬೊಕೊವನ ‘ಲೊಲಿಟ’ ಕಾದಂಬರಿಯನ್ನು ಚರ್ಚಿಸುವ ಕೂಟವೂ ಒಂದಿತ್ತು. ಪದವನ್ನು ನೋಡಿ ಪದಾರ್ಥವನ್ನು ನೋಡದೆ ಕೈಗೊಂಡ ಕಾರ್ಯವಾದ್ದರಿಂದ ಹಲವನ್ನು ಮರಳಿ ತೆರೆಯಬೇಕಾಯಿತು.

ಅದೇ ವರ್ಷ ಬರಹಗಾರರೇ ಕೂಡಿ ಲಾಭೋದ್ದೇಶವಿಲ್ಲದ ಒಂದು ಸಂಘವನ್ನು ಕಟ್ಟಿಕೊಂಡರು. ಅದರ ವತಿಯಿಂದ ೨೦೦೯ರಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಭಂಡಾರ ತೆರೆಯಿತು. ಹೆಣ್ಣು ಬರೆಯಬೇಕಾದರೆ ಅವಳದೇ ಆದ ಒಂದು ಕೋಣೆ ಬೇಕೆಂದು ೧೯೨೯ರಲ್ಲಿ ವಾದಿಸಿದ ವರ್ಜೀನಿಯ ವುಲ್ಫಳ ಪುಸ್ತಕದ ಹೆಸರನ್ನು ಈ ಹೆಸರು ನೆನಪಿಗೆ ತರುತ್ತದೆ. ೨೦೧೯ರಲ್ಲಿ ಈ ಭಂಡಾರಕ್ಕೆ ಹ್ಯೂಗೋ ಪ್ರಶಸ್ತಿ ದೊರೆಯಿತು. ಅಲ್ಲಿರುವ ಕೃತಿಗಳ ಸಂಖ್ಯೆ ಈಗ ಒಂದು ಕೋಟಿಯನ್ನು ಮೀರಿದೆ. ಇದರ ಮೂಲಸೂತ್ರ ಒಂದೇ ಮಾತಿನದು: ಅಳಿಸಬೇಡ, ಹೆಸರಿಟ್ಟು ತಿಳಿಸು.

ಹೆಸರಿಡುವ ಕ್ರಮ ಹೀಗಿದೆ. ಕಥೆಯು ಸರ್ವರಿಗೂ ತಕ್ಕುದೋ, ಹದಿಹರೆಯದವರಿಗೋ, ಪ್ರೌಢರಿಗೋ ಎಂಬ ದರ್ಜೆಯನ್ನು ಬರೆಯುವವನು ಸೂಚಿಸಬೇಕು. ದರ್ಜೆ ಕೊಟ್ಟಿಲ್ಲವೆಂದೂ ಹೇಳಬಹುದು. ಘೋರಹಿಂಸೆ, ಮುಖ್ಯಪಾತ್ರದ ಮರಣ, ಬಲಾತ್ಕಾರ, ಅಪ್ರಾಪ್ತವಯಸ್ಕರ ಕಾಮಪ್ರಸಂಗ, ಈ ನಾಲ್ಕರಲ್ಲಿ ಯಾವುದಿದ್ದರೂ ಎಚ್ಚರಿಕೆ ಕೊಡಬೇಕು. ಕೊಟ್ಟರೆ ಕಥೆಯ ಗುಟ್ಟು ಹೊರಬೀಳುವುದೆಂಬ ಅಂಜಿಕೆಯಿದ್ದರೆ ‘ಎಚ್ಚರಿಕೆಯನ್ನು ಕೊಡದಿರಲು ನಿಶ್ಚಯಿಸಿದ್ದೇನೆ’ ಎಂದಾದರೂ ಹೇಳಬೇಕು. ‘ಎಚ್ಚರಿಕೆಗೆ ಕಾರಣವಿಲ್ಲ’ ಎಂಬುದು ಬೇರೆ, ‘ಹೇಳುವುದಿಲ್ಲ’ ಎಂಬುದು ಬೇರೆ. ಈ ಸೂಕ್ಷ್ಮವನ್ನು ಗಮನಿಸತಕ್ಕದ್ದು. ಇದಾದಮೇಲೆ ಮೂಲಕೃತಿಯ ಹೆಸರು, ಪಾತ್ರಗಳ ಹೆಸರು, ಪಾತ್ರಗಳ ಪರಸ್ಪರ ಸಂಬಂಧ. ಇಬ್ಬರ ಹೆಸರಿನ ನಡುವೆ ಓರೆಗೆರೆಯಿದ್ದರೆ ಅವರಲ್ಲಿ ಪ್ರಣಯವುಂಟೆಂದೂ, ‘ಮತ್ತು’ ಎಂಬುದರ ಚಿಹ್ನೆಯಿದ್ದರೆ ಸ್ನೇಹವೋ ಬಂಧುತ್ವವೋ ಎಂದೂ ಅರ್ಥ. ಕಡೆಯಲ್ಲಿ ಬರೆಯುವವನ ಇಚ್ಛೆಗೆ ಬಿಟ್ಟ ಪದಗಳು. ಇಚ್ಛೆಗೆ ಬಿಟ್ಟ ಕಡೆ ಅತಿರೇಕ ಬಾರದಿದ್ದೀತೆ? ಒಂದೇ ಕಥೆಗೆ ಸಾವಿರಕ್ಕೂ ಮಿಕ್ಕಿ ಸೂಚನಾಪದಗಳನ್ನು ಹೇರಿದವರು ಕಾಣಿಸಿಕೊಂಡ ಬಳಿಕ ೨೦೨೧ರಲ್ಲಿ ಕೃತಿಯೊಂದಕ್ಕೆ ೭೫ ಎಂಬ ಮಿತಿ ಬಂದಿತು.

೨

ಈಗ ನಮ್ಮ ಕಡೆಗೆ ತಿರುಗೋಣ. ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸಬೇಕೆಂಬುದು ಪಾಠಶಾಲೆಯ ಬಾಲಪಾಠ. ಏತರ ಗ್ರಂಥ, ಏತಕ್ಕಾಗಿ, ಯಾವುದರೊಡನೆ ಹೊಂದಿದೆ, ಯಾರು ಓದತಕ್ಕವರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ ವಿವೇಕಿಯು ಗ್ರಂಥದಲ್ಲಿ ಪ್ರವರ್ತಿಸುವುದಿಲ್ಲ. ಭಂಡಾರದ ದರ್ಜೆಯು ಅಧಿಕಾರಿಯ ನಿರ್ದೇಶವಲ್ಲದೆ ಬೇರೇನು? ಮೂಲಕೃತಿಯ ಹೆಸರು ಸಂಬಂಧದ ನಿರ್ದೇಶವಲ್ಲವೆ?

ಕಾವ್ಯದಲ್ಲಿಯೂ ಹಾಗೆಯೇ. ಮಹಾಕಾವ್ಯದ ಮುಖದಲ್ಲಿ ಆಶೀರ್ವಾದವೋ ನಮಸ್ಕಾರವೋ ವಸ್ತುನಿರ್ದೇಶವೋ ಇರಬೇಕೆಂದು ದಂಡಿಯ ಮತ. ನಾಟಕದಲ್ಲಿ ಸೂತ್ರಧಾರನು ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಸಭೆಗೆ ತಿಳಿಸಿಯೇ ಒಳಗೆ ಹೋಗುವನು. ಇದನ್ನು ತಿಳಿಸದೆ ಬಿಟ್ಟರೆ ಎಂತಹ ತೊಡಕು ಎಂಬುದಕ್ಕೆ ಒಂದು ದೊಡ್ಡ ನಿದರ್ಶನವಿದೆ. ೧೯೧೨ರಿಂದ ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು ಅಚ್ಚು ಹಾಕಿಸಿದ ಹದಿಮೂರು ರೂಪಕಗಳ ಸ್ಥಾಪನೆಯಲ್ಲಿ ಕವಿಯ ಹೆಸರಿಲ್ಲ. ಅವು ಭಾಸನವೆಂದು ಶಾಸ್ತ್ರಿಗಳು ಸಾಧಿಸಿದರು. ಅಲ್ಲವೆಂದು ಬೇರೆ ವಿದ್ವಾಂಸರು ವಾದಿಸಿದರು. ನೂರು ವರ್ಷ ಕಳೆದರೂ ವಾದ ಪೂರ್ತಿ ಅಡಗಿಲ್ಲ. ಒಂದು ಪದದ ಲೋಪಕ್ಕೆ ಒಂದು ಶತಮಾನದ ವಿವಾದ!

ಕನ್ನಡದ ಷಟ್ಪದಿಕವಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುಮಾರವ್ಯಾಸನ ಭಾರತದಲ್ಲಿಯೂ ಲಕ್ಷ್ಮೀಶನ ಜೈಮಿನಿಭಾರತದಲ್ಲಿಯೂ ಪ್ರತಿಯೊಂದು ಸಂಧಿಯ ಮೊದಲಲ್ಲಿ ‘ಸೂಚನೆ’ ಎಂಬ ಪದ್ಯವಿರುವುದು. ಮುಂದಿನ ಸಂಧಿಯಲ್ಲಿ ಯಾರು ಯಾರನ್ನು ಗೆಲ್ಲುವರು, ಯಾರು ಮಡಿಯುವರು ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು. ಗಮಕಿಯು ಸೂಚನೆಯನ್ನು ಓದಿದ ಮೇಲೆ ಕೇಳುವವರು ಎದ್ದುಹೋದುದುಂಟೆ? ಕರ್ಣನ ಮರಣವು ತಿಳಿದಿದ್ದೂ ಅದನ್ನು ಕೇಳುವಾಗ ಕಣ್ಣೊರಸಿಕೊಂಡವರ ಸಂಖ್ಯೆಗೆ ಲೆಕ್ಕವುಂಟೆ? ನಮ್ಮ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವಾಡುವಾಗ ಹಂಚುವ ಕರಪತ್ರದಲ್ಲಿ ಯಾವ ಪಾತ್ರಕ್ಕೆ ಯಾರು ಎಂಬುದೆಲ್ಲ ಅಚ್ಚಾಗಿರುತ್ತದೆ. ಕಥೆಯಂತೂ ಎಳೆಮಕ್ಕಳಿಗೂ ಗೊತ್ತು. ಆದರೂ ಜನ ಬೆಳಗಾಗುವವರೆಗೆ ಕುಳಿತು ನೋಡುವರು.

ಇನ್ನು, ಮೂಲಕಥೆಯನ್ನು ಬೇರೆ ಮಾಡುವ ವಿಷಯ. ಧನಂಜಯನು ದಶರೂಪಕದಲ್ಲಿ ಇತಿವೃತ್ತವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸಿದನು. ಇತಿಹಾಸದಲ್ಲಿ ರಸಕ್ಕೆ ಪ್ರತಿಕೂಲವಾದುದು ಇದ್ದರೆ ಕವಿಯು ಅದನ್ನು ಬಿಟ್ಟು ಬೇರೊಂದನ್ನು ಕಲ್ಪಿಸಿಕೊಳ್ಳಬಹುದೆಂದು ಆನಂದವರ್ಧನನು ಅಪ್ಪಣೆ ಕೊಟ್ಟನು. ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿಸಿದನು; ಕಡೆಯಲ್ಲಿ ಅರ್ಜುನನಿಗೂ ಸುಭದ್ರೆಗೂ ಪಟ್ಟಾಭಿಷೇಕ ಮಾಡಿಸಿದನು. ಆದರೆ ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಹೇಳುತ್ತಿದ್ದೇನೆಂದು ಆರಂಭದಲ್ಲಿಯೇ ಒಪ್ಪಿಕೊಂಡನು. ಕೃತಿಯ ಹೆಸರೇ ಅದಕ್ಕೆ ಸಾಕ್ಷಿ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಜೈನಪರಂಪರೆಯ ರಾಮಕಥೆಯೆಂದು ಅರಿತು ಓದುವವನಿಗೆ ಅದು ಅಚ್ಚರಿಯಲ್ಲ. ಅರಿಯದೆ ಓದುವವನಿಗೆ ಅಪಚಾರದಂತೆ ಕಂಡೀತು. ಕೃತಿ ಒಂದೇ, ಸೂಚನೆಯ ಭಾವಾಭಾವಗಳಿಂದ ಓದುಗನ ಮನಸ್ಥಿತಿ ಎರಡಾಯಿತು.

೩

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವುವು. ಮೊದಲನೆಯದು ರಸಿಕರದು: ಒಳಗಿರುವುದನ್ನೆಲ್ಲ ಬಾಗಿಲಲ್ಲೇ ಹೇಳಿಬಿಟ್ಟರೆ ಕುತೂಹಲ ಸಾಯುವುದು, ಕುತೂಹಲ ಸತ್ತರೆ ರಸವೆಲ್ಲಿ? ಸೂಚನೆಯ ಪದ್ಯವೇ ಇದಕ್ಕೆ ಸಮಾಧಾನ. ಏನಾಗುವುದು ಎಂಬ ಕುತೂಹಲವು ರಸಕ್ಕೆ ಮೆಟ್ಟಿಲೇ ಹೊರತು ರಸವಲ್ಲ. ಹೇಗಾಯಿತೆಂಬುದರಲ್ಲಿ ರಸವಿರುವುದು. ಬರಿಯ ಗುಟ್ಟಿನಿಂದ ನಿಂತ ಕಥೆಯು ಎರಡನೆಯ ಸಲದ ಓದಿಗೆ ನಿಲ್ಲಲಾರದು. ಪತ್ತೇದಾರಿ ಕಥೆಯಂತಹ ಜಾತಿಗೆ ಗುಟ್ಟೇ ಪ್ರಾಣವಾದರೆ, ‘ಹೇಳುವುದಿಲ್ಲ’ ಎಂದು ಹೇಳುವ ದಾರಿಯನ್ನು ಭಂಡಾರದವರೇ ಬಿಟ್ಟಿದ್ದಾರಲ್ಲ!

ಎರಡನೆಯ ಪೂರ್ವಪಕ್ಷವು ಗೃಹಸ್ಥರದು, ಅದು ಲಘುವಲ್ಲ. ವಿಷವೆಂದು ಚೀಟಿ ಅಂಟಿಸಿದ ಮಾತ್ರಕ್ಕೆ ವಿಷವನ್ನು ಮಾರಬಹುದೆ? ಎಳೆಯರ ಕೈಗೆ ಸಿಕ್ಕುವ ಕಡೆ ಹೊಲಸನ್ನು ಇಟ್ಟು, ಮೇಲೆ ‘ಇದು ಹೊಲಸು’ ಎಂದು ಬರೆದರೆ ಬರೆದವನು ನಿರ್ದೋಷಿಯೆ? ಈ ಪ್ರಶ್ನೆಗೆ ‘ಹೌದು’ ಎಂದು ಸುಲಭವಾಗಿ ಹೇಳುವವರ ಪಕ್ಷ ನನ್ನದಲ್ಲ. ಸೂಚನಾಪದವು ಕೃತಿಯನ್ನು ಶುದ್ಧಗೊಳಿಸುವ ಮಂತ್ರವಲ್ಲ. ಕೆಟ್ಟ ಕಥೆಗೆ ಒಳ್ಳೆಯ ಚೀಟಿ ಅಂಟಿಸಿದರೆ ಅದು ಚೀಟಿಯುಳ್ಳ ಕೆಟ್ಟ ಕಥೆ, ಅಷ್ಟೆ. ಆದರೆ ಅಳಿಸುವವರ ಮಾರ್ಗವನ್ನು ನೋಡಿ. ಸೀತೆಯು ರಾವಣನ ಸೀನಿನಿಂದ ಹುಟ್ಟಿದಳೆಂದು ಹಾಡುವ ಕನ್ನಡದ ಒಂದು ಜನಪದ ರಾಮಾಯಣವನ್ನೂ ಇತರ ರಾಮಕಥೆಗಳನ್ನೂ ಕುರಿತು ಎ. ಕೆ. ರಾಮಾನುಜನ್ ಅವರು ಬರೆದ ಪ್ರಬಂಧವನ್ನು ೨೦೧೧ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ತನ್ನ ಪಠ್ಯದಿಂದ ತೆಗೆಯಿತು. ಇದರಿಂದ ಆ ಹಾಡೇನೂ ಸಾಯಲಿಲ್ಲ, ಆದರೆ ‘ಇದು ವಾಲ್ಮೀಕಿಯದಲ್ಲ, ಜನಪದರದು, ಇದನ್ನು ಹೀಗೆ ತಿಳಿಯಬೇಕು’ ಎಂದು ಹೇಳಿಕೊಡಬಲ್ಲ ತರಗತಿಯ ಸಂದರ್ಭವು ಇಲ್ಲವಾಯಿತು. ಅಳಿಸುವವನು ವಸ್ತುವನ್ನು ಅಳಿಸಲಾರ, ವಿವರಣೆಯನ್ನು ಮಾತ್ರ ಅಳಿಸಬಲ್ಲ. ಚೀಟಿಯಿಲ್ಲದ ವಿಷವೇ ಮನೆಯಲ್ಲಿ ಹೆಚ್ಚು ಅಪಾಯಕಾರಿ. ಆದುದರಿಂದ ಮನೆಯ ಹಿರಿಯರು ಮಾಡತಕ್ಕುದು, ಆ ಚೀಟಿಗಳನ್ನು ಓದುವುದನ್ನು ಮಕ್ಕಳಿಗೆ ಕಲಿಸುವುದು, ತಾವೂ ಕಲಿಯುವುದು. ಅಧಿಕಾರಿಯ ನಿರ್ಣಯವನ್ನು ಗ್ರಂಥಕಾರನು ಸೂಚಿಸಬಲ್ಲನು, ನಡೆಸಬೇಕಾದವರು ಗುರುಹಿರಿಯರು.

೪

ಸೂಚನಾಪದಗಳಿಗೆ ಒಂದು ಶಿಷ್ಟಾಚಾರವುಂಟು. ಅದರಲ್ಲಿ ನಾಲ್ಕನ್ನು ಮುಖ್ಯವೆಂದು ಎಣಿಸುವೆನು. ಒಂದು: ಹೆಸರು ಮಾತ್ರ ಬಂದುಹೋಗುವ ಪಾತ್ರವನ್ನು ಸೂಚನೆಯಲ್ಲಿ ಸೇರಿಸಬಾರದು. ವಿದುರನ ಕಥೆಯನ್ನು ಅರಸಿ ಬಂದವನಿಗೆ ಎರಡು ಸಾಲಿನ ವಿದುರನನ್ನು ಕೊಡುವುದು, ಅನ್ನಸಂತರ್ಪಣೆಗೆ ಕರೆದು ತೀರ್ಥ ಕೊಟ್ಟು ಕಳುಹಿಸಿದಂತೆ. ಎರಡು: ಪಾತ್ರವೊಂದನ್ನು ಹಳಿಯುವುದಕ್ಕಾಗಿಯೇ ಬರೆದ ಕಥೆಯನ್ನು, ಆ ಪಾತ್ರವನ್ನು ಪ್ರೀತಿಸುವವರು ಕೂಡುವ ಹೆಸರಿನಡಿಯಲ್ಲಿ ಮೌನವಾಗಿ ಇರಿಸಬಾರದು, ಪಾತ್ರನಿಂದೆಯೆಂದು ಸ್ಪಷ್ಟವಾಗಿ ಹೇಳಬೇಕು. ಮೂರು: ಕ್ರೌರ್ಯವನ್ನು ಮರೆಮಾಚಬಾರದು. ನಾಲ್ಕು: ಇದು ಓದುಗನ ಧರ್ಮ. ಸೂಚನೆಯನ್ನು ಓದಿಯೂ ಒಳಹೊಕ್ಕವನು ಬರೆದವನನ್ನು ಬಯ್ಯಬಾರದು. ಈ ನಾಲ್ಕನೆಯದಕ್ಕೆ ಆ ಜನರಲ್ಲಿ ಒಂದು ವಿನೋದದ ಗಾದೆಯೇ ಬೆಳೆದಿದೆ. ಒಂದು ಹಾಸ್ಯ ಕಥಾಮಾಲೆಯಲ್ಲಿ, ‘ಸತ್ತ ಪಾರಿವಾಳ, ತಿನ್ನಬೇಡಿ’ ಎಂದು ಬರೆದ ಚೀಲವನ್ನು ಒಬ್ಬನು ತೆರೆದು ನೋಡುವನು. ಒಳಗೆ ಸತ್ತ ಪಾರಿವಾಳವೇ ಇರುವುದು! ಹೇಳಿದುದೇ ಒಳಗೂ ಇದೆ, ಅಚ್ಚರಿಪಡಬೇಡ ಎಂಬರ್ಥದಲ್ಲಿ ಆ ಮಾತು ಈಗ ಒಂದು ಸೂಚನಾಪದವಾಗಿ ನಿಂತಿದೆ.

ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆದರೆ ಜರಡಿಯು ಹೇಗೆ ನಡೆದೀತು? ಕರ್ಣನೆಂದರೂ ರಾಧೇಯನೆಂದರೂ ವೈಕರ್ತನನೆಂದರೂ ವಸುಷೇಣನೆಂದರೂ ವ್ಯಕ್ತಿ ಒಬ್ಬನೇ. ರಾಮನೆಂದರೆ ಮಾತ್ರ ದಾಶರಥಿಯೋ ಭಾರ್ಗವನೋ ಬಲರಾಮನೋ ತಿಳಿಯದು. ಭಂಡಾರದಲ್ಲಿ ಇದಕ್ಕಾಗಿಯೇ ವೇತನವಿಲ್ಲದೆ ದುಡಿಯುವ ಸೇವಕರ ಗಣವಿದೆ. ಅವರು ಸಮಾನಾರ್ಥಕ ಪದಗಳನ್ನೆಲ್ಲ ಒಂದು ಪ್ರಧಾನಪದಕ್ಕೆ ಕಟ್ಟುವರು. ಒಂದೇ ರೂಪದ ಭಿನ್ನಾರ್ಥಗಳನ್ನು ಬೇರೆ ಬೇರೆ ಮಾಡುವರು. ಆದರೆ ಬರೆದವನು ಇಟ್ಟ ಪದವನ್ನು ತಿದ್ದುವುದಿಲ್ಲ. ಅಮರಸಿಂಹನು ಮಾಡಿದ್ದು ಇದೇ ಕೆಲಸವಲ್ಲವೆ? ಮೊದಲು ಪರ್ಯಾಯಪದಗಳನ್ನು ವರ್ಗವರ್ಗವಾಗಿ ಕೂಡಿಸಿ, ಆಮೇಲೆ ನಾನಾರ್ಥವರ್ಗದಲ್ಲಿ ‘ಹರಿ’ ಎಂಬೊಂದೇ ಪದಕ್ಕೆ ವಿಷ್ಣು, ಇಂದ್ರ, ಸಿಂಹ, ಕುದುರೆ, ಕಪಿ ಮೊದಲಾದ ಅರ್ಥಗಳನ್ನು ಬಿಡಿಸಿಟ್ಟನು. ಕವಿಯ ಪದವನ್ನು ಅವನೂ ತಿದ್ದಲಿಲ್ಲ. ವಚನಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಹೊಂದಿಸಿದ ಸಂಕಲನಕಾರರೂ, ಹದಿಮೂರನೆಯ ಶತಮಾನದಲ್ಲಿ ಸೂಕ್ತಿಸುಧಾರ್ಣವವನ್ನು ಅಷ್ಟಾದಶವರ್ಣನೆಗಳ ಕ್ರಮದಲ್ಲಿ ಕೂಡಿಸಿದ ಮಲ್ಲಿಕಾರ್ಜುನನೂ ಇದೇ ಗೋತ್ರದವರು. ಹೆಸರು ಬಾರದ ಈ ಸೇವೆಯನ್ನು ಸಾಹಿತ್ಯಲೋಕವು ಹಗುರವಾಗಿ ಕಾಣಬಾರದು.

೫

ಜರಡಿಯ ವಿಚಾರ ಬೇರೆ. ಕನ್ನಡದಲ್ಲಿ ಜರಡಿ ಹಿಡಿದ ಮೊದಲ ಓದುಗಳು ಯಾರೆಂದರೆ, ಮುದ್ದಣನ ಮನೋರಮೆ ಎನ್ನುವೆನು. ರಾಮಾಶ್ವಮೇಧದಲ್ಲಿ ಕಥೆಯು ಮೊದಲಾಗುವುದಕ್ಕೆ ಮುನ್ನವೇ ಅದು ಪದ್ಯವಾಗಿರಬಾರದು, ಗದ್ಯವಾಗಿರಬೇಕು ಎಂದು ಅವಳು ಗೊತ್ತುಮಾಡಿಬಿಡುವಳು. ಸಂಸ್ಕೃತದ ಭಾರ ಮಿತಿಮೀರಿದರೆ ತಡೆಯುವಳು. ಅವಳ ಈ ಬೇಕುಬೇಡಗಳಿಂದ ಕೃತಿಗೆ ಕುಂದು ಬಂದಿತೆ? ಕನ್ನಡಕ್ಕೆ ಅಪೂರ್ವವಾದ ಗದ್ಯಕಾವ್ಯವೊಂದು ಲಭಿಸಿತು. ಆದರೆ ಮನೋರಮೆಗೂ ಇಂದಿನ ಜರಡಿಗೂ ಒಂದು ಅಂತರವಿದೆ. ಅವಳು ಎದುರಿಗೆ ಕುಳಿತು ಕೇಳುವಳು, ಕವಿಯೊಡನೆ ವಾದಿಸುವಳು. ಅವಳು ನಿರೀಕ್ಷಿಸದುದನ್ನು ಹೇಳಿ ಅವಳನ್ನು ಒಲಿಸಿಕೊಳ್ಳುವ ಅವಕಾಶವು ಮುದ್ದಣನಿಗೆ ಉಂಟು. ಯಂತ್ರದ ಜರಡಿಯಲ್ಲಿ ಆ ಅವಕಾಶವಿಲ್ಲ. ಹೊರಗಿಟ್ಟುದು ಕಣ್ಣಿಗೇ ಬೀಳದು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಗೂಡು ದ್ವಿತಳಿಯೋ ಮಿಶ್ರತಳಿಯೋ ಎಂಬುದನ್ನು ಹೇಳಿಯೇ ಹರಾಜಿಗಿಡುವರು, ರಾಶಿಗೆ ಲಾಟಿನ ಸಂಖ್ಯೆಯೂ ಇರುವುದು. ಆದರೂ ಅನುಭವಸ್ಥನಾದ ರೀಲರು ರಾಶಿಯಲ್ಲಿ ಕೈಯಾಡಿಸಿ, ನಾಲ್ಕು ಗೂಡುಗಳನ್ನು ಬೆರಳಲ್ಲಿ ಒತ್ತಿ ನೋಡುವನು. ಚೀಟಿಯು ಜಾತಿಯನ್ನು ಹೇಳುವುದು, ನೂಲಿನ ಗುಣವನ್ನು ಹೇಳದು. ಭಂಡಾರದ ಜರಡಿಯೂ ಅಷ್ಟೆ: ಕರ್ಣನ ಕಥೆಗಳನ್ನು ಆರಿಸಿಕೊಟ್ಟೀತು, ಒಳ್ಳೆಯ ಕರ್ಣನನ್ನು ಆರಿಸಿಕೊಡಲಾರದು. ಹೆಚ್ಚು ಮಂದಿ ಮೆಚ್ಚಿದುದನ್ನು ಮೇಲಕ್ಕೆ ತರುವ ಏರ್ಪಾಡೂ ಅಲ್ಲಿದೆ. ಬಹುಜನರ ಮೆಚ್ಚುಗೆಯು ಗುಣಕ್ಕೆ ಪ್ರಮಾಣವಾಗಿದ್ದರೆ ವಿಮರ್ಶೆಗೆ ಕೆಲಸವೇ ಇರುತ್ತಿರಲಿಲ್ಲ. ಸಹೃದಯನಾಗುವವನು ತನ್ನ ಜರಡಿಯನ್ನು ಆಗಾಗ ಪಕ್ಕಕ್ಕಿಟ್ಟು, ತಾನು ಕೇಳದ ಕಥೆಯೊಂದನ್ನು ಓದುವುದು ಲೇಸು.

೬

ಸೂಚನಾಪದದಿಂದ ಎಲ್ಲ ಜಗಳವೂ ತೀರುವುದೆ? ಇಲ್ಲ. ನಮ್ಮ ಸಾಹಿತ್ಯದಲ್ಲಿಯೇ ಇದಕ್ಕೆ ಉದಾಹರಣೆಯುಂಟು. ೧೯೪೪ರಲ್ಲಿ ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕ ಪ್ರಕಟವಾಯಿತು. ಶಂಬೂಕನನ್ನು ಕೊಲ್ಲಬೇಕಾದ ರಾಮಬಾಣವು ಅಲ್ಲಿ ತಿರುಗಿ, ಶಂಬೂಕನ ವಧೆಯನ್ನು ಬೇಡಿದ ಬ್ರಾಹ್ಮಣನ ಕಡೆಗೇ ಹಾಯುವುದು. ಅವನ ಅಜ್ಞಾನ ನೀಗುವುದು. ಹೊಸ ಭಾವನೆಯನ್ನು ಹೇಳಬೇಕಾದರೆ ಹೊಸ ಕಥೆಯನ್ನೇ ಕಟ್ಟಬಹುದು, ಪುರಾಣದ ಕಥೆಯನ್ನು ಹೀಗೆ ಮಾರ್ಪಡಿಸುವುದು ಉಚಿತವಲ್ಲವೆಂದು ಮಾಸ್ತಿಯವರು ಆಕ್ಷೇಪಿಸಿದರು. ಕುವೆಂಪು ಅವರು ಉತ್ತರ ಕೊಟ್ಟರು. ಇಬ್ಬರೂ ಹಿರಿಯರು, ಇಬ್ಬರ ಮಾತಿಗೂ ತೂಕವುಂಟು. ನಾಟಕದ ಮೇಲೆ ‘ಮೂಲದಿಂದ ವ್ಯತ್ಯಸ್ತ’ ಎಂಬ ಪದವನ್ನು ಅಂಟಿಸಿದ್ದರೆ ಈ ವಾದ ನಿಲ್ಲುತ್ತಿತ್ತೆ? ನಿಲ್ಲುತ್ತಿರಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಕವಿಯು ಮೂಲವನ್ನು ಬದಲಿಸಿದನೆಂಬುದು ವಾರ್ತೆ, ಬದಲಿಸಿದುದು ಸರಿಯೆ ಎಂಬುದು ವಿಚಾರ. ಸೂಚನಾಪದವು ವಾರ್ತೆಯನ್ನು ಕೊಟ್ಟು ಪಕ್ಕಕ್ಕೆ ನಿಲ್ಲುವುದು. ವಿಚಾರವು ಅದಾದಮೇಲೆ ಮೊದಲಾಗುವುದು. ಮಾಸ್ತಿಯವರು ಆ ನಾಟಕವನ್ನು ಜರಡಿಯಿಂದ ಹೊರಗಿಟ್ಟು ಸುಮ್ಮನಿದ್ದಿದ್ದರೆ ಕನ್ನಡಕ್ಕೆ ಒಂದು ಬೆಲೆಯುಳ್ಳ ಚರ್ಚೆ ಇಲ್ಲದೆ ಹೋಗುತ್ತಿತ್ತು.

ಬೆಂಗಳೂರಿನಲ್ಲಿ ೨೦೧೪ರಲ್ಲಿ ಆರಂಭವಾದ ‘ಪ್ರತಿಲಿಪಿ’ಯಂತಹ ತಾಣಗಳಲ್ಲಿ ಈಗ ಕನ್ನಡದಲ್ಲಿಯೂ ಬರೆಯುವವರು ಬಹುಮಂದಿ ಇದ್ದಾರೆ, ಪುರಾಣದ ಪಾತ್ರಗಳನ್ನು ಕುರಿತು ಹೊಸದಾಗಿ ಬರೆಯುವವರಿಗೂ ಕೊರತೆಯಿಲ್ಲ. ಅವರಿಗೆ ನಮ್ಮಲ್ಲಿ ಪದಗಳ ಬಡತನವಿಲ್ಲ. ಮೂಲವನ್ನು ಅನುಸರಿಸಿದ್ದು ‘ಯಥಾಮೂಲ’, ತಿರುಗಿಸಿದ್ದು ‘ವ್ಯತ್ಯಸ್ತ’, ಎರಡು ಮೂಲಗಳನ್ನು ಬೆರೆಸಿದ್ದು ‘ಮಿಶ್ರ’, ಮೂಲಕ್ಕೆ ಹಿಂದಿನದು ‘ಪೂರ್ವಕಥೆ’, ಮುಂದಿನದು ‘ಶೇಷಕಥೆ’. ಪ್ರಧಾನರಸದ ಹೆಸರೊಂದು, ಅಧಿಕಾರಿಯ ನಿರ್ದೇಶವೊಂದು, ಕ್ರೌರ್ಯವಿದ್ದರೆ ಆ ಮಾತೊಂದು. ಇಷ್ಟನ್ನು ಕಥೆಯ ಮೊದಲಲ್ಲಿ ನಾಲ್ಕಾರು ಪದಗಳಲ್ಲಿ ಬರೆದರೆ ಸಾಕು. ಇದು ಕವಿಗೆ ಹಾಕಿದ ಸಂಕೋಲೆಯಲ್ಲ. ಮನೆಗೆ ಬಂದ ಅತಿಥಿಗೆ ಹೊಸ್ತಿಲ ಎತ್ತರವನ್ನು ಹೇಳುವ ಮರ್ಯಾದೆ ಇದು. ಹೊಸ್ತಿಲು ದಾಟುವುದೂ ಬಿಡುವುದೂ ಅತಿಥಿಗೆ ಸೇರಿದ್ದು. ಎಡವಿ ಬೀಳದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಮನೆಯವರದು.